ಗೋವಿನಕೋವಿಯ ಜೋಡುದೋಣಿ

ಗೋವಿನಕೋವಿಯ ಹೊಳೆದಂಡೆಯಲ್ಲಿ ಹರಿಗೋಲು ನಡೆಸುತ್ತಿದ್ದವರಲ್ಲಿ ಹುಲಿಗೆಮ್ಮ ಒಬ್ಬಳೇ ಹೆಂಗಸು. ಗಂಡ ಸತ್ತ ಮೇಲೆ ಅವಳು ಹುಟ್ಟು ಹಿಡಿದಾಗ ಕೆಲವರು ನಕ್ಕಿದ್ದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಗು ನಿಂತಿತು. ಚನ್ನಗಿರಿ ಕಡೆಯಿಂದ ಗಾಡಿಯಲ್ಲಿ ಬಂದ ಅಡಿಕೆ ಮೂಟೆಗಳನ್ನು ಆಚೆ ದಡದಲ್ಲಿ ಹರಿಗೋಲಿಗೆ ಏರಿಸಿ, ಈಚೆ ದಡದಲ್ಲಿ ಮತ್ತೆ ಗಾಡಿಗೆ ಹೇರಿ ನ್ಯಾಮತಿಗೆ ಕಳಿಸುವುದು ಅಂಬಿಗರ ಕೆಲಸ. ಕೇರಿಯಲ್ಲಿ ಏನೇ ತಕರಾರು ಬಂದರೂ ಹುಲಿಗೆಮ್ಮ ಹೇಳಿದ್ದೇ ಕೊನೆ.

ನ್ಯಾಮತಿಯ ಅಡಿಕೆ ಮಂಡಿಯ ಮಹೇಶ್ವರಪ್ಪ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ. 1938ರ ಸಂಕ್ರಾಂತಿ ಕಳೆದ ಮೇಲೆ ಅವನು ಅವಳ ಗುಡಿಸಲಿಗೆ ಬಂದು ಕೂತ.

"ಅಕ್ಕ, ಲಾರಿ ತಗೊಂಡೀನಿ. ಎರಡು ದೊಡ್ಡ ದೋಣಿ ಜೋಡಿಸಿ ಹಲಗೆ ಹಾಸ್ತೀವಿ. ದಡದಿಂದ ದಡಕ್ಕೆ ಉಕ್ಕಿನ ಹಗ್ಗ. ಮೂಟೆ ಸಮೇತ ಲಾರಿನೇ ಹೊಳೆ ದಾಟ್ತೈತೆ."

"ಹಂಗಾದ್ರೆ ನಾವೇನು ಮಾಡಾಣ, ಸಾವಕಾರ್ರೆ?"

"ದೋಣಿ ನಡೆಸೋರು ನೀವೇ. ಸರ್ಕಾರದ ದೋಣಿ ಗುತ್ತಿಗೆ ಹರಾಜನ್ನ ನಿಮ್ಮ ಕೇರಿ ಹೆಸರಲ್ಲೇ ಕೂಗ್ತೀನಿ. ನಿಮ್ಮೋರನ್ನ ನೀನು ಒಪ್ಪಿಸು."

ಒಪ್ಪಿಸುವುದು ಸುಲಭವಾಗಿರಲಿಲ್ಲ. ಅವಳ ತಮ್ಮ ಮೂಕಪ್ಪನೇ ಎದುರು ನಿಂತ. "ಕಂಬ ನೆಡಾಕೆ ಬಂದ್ರೆ ಕಿತ್ತು ಹೊಳೆಗೆ ಎಸೀತೀನಿ" ಎಂದ.

"ಲಾರಿ ಬರೋದನ್ನ ತಡೆಯಾಕೆ ನಮ್ಮ ಕೈಲಿ ಆಗಲ್ಲ" ಎಂದಳು ಹುಲಿಗೆಮ್ಮ. "ಬಂದ ಮ್ಯಾಲೆ ಹಗ್ಗನಾದ್ರೂ ನಮ್ಮ ಕೈಯಾಗೆ ಇರಲಿ."

"ಅವನು ಮಾತು ತಪ್ಪಿದ್ರೆ?"

"ತಪ್ಪಾಕಿಲ್ಲ. ನಾನು ಹೊಣೆ."

ಜನ ಒಪ್ಪಿದ್ದು ಮಹೇಶ್ವರಪ್ಪನನ್ನು ನಂಬಿ ಅಲ್ಲ, ಹುಲಿಗೆಮ್ಮನನ್ನು ನಂಬಿ. ಆ ಬೇಸಿಗೆಯೆಲ್ಲ ಕೇರಿಯವರು ಕಂಬದ ಗುಂಡಿ ತೋಡಿದರು, ಕಲ್ಲು ಹೊತ್ತರು, ಲಾರಿ ಇಳಿಯಲು ದಡವನ್ನು ಕಡಿದು ಇಳಿಜಾರು ಮಾಡಿದರು. ನಮ್ಮದೇ ದೋಣಿ ಎಂದುಕೊಂಡು ಕೂಲಿ ಕೇಳಲಿಲ್ಲ. ಮಹೇಶ್ವರಪ್ಪ ಆಗಾಗ ಬಂದು ನೋಡಿ, ಹುಲಿಗೆಮ್ಮ ಕೊಟ್ಟ ಮಜ್ಜಿಗೆ ಕುಡಿದು ಹೋಗುತ್ತಿದ್ದ.

ಮಳೆಗಾಲ ಮುಗಿದು ಹೊಳೆ ಇಳಿದ ಮೇಲೆ ದೋಣಿಗೆ ಪೂಜೆಯಾಯಿತು. ಅಂಬಿಗರೆಲ್ಲ ಮಡಿಬಟ್ಟೆ ಉಟ್ಟು ಬಂದಿದ್ದರು. ಅಷ್ಟರಲ್ಲಾಗಲೇ ಯಾರೋ ಪರ ಊರಿನವರು ದೋಣಿಯ ಮೇಲೆ ಹಗ್ಗ ಹಿಡಿದು ನಿಂತಿದ್ದರು.

"ಇವರ್ಯಾರು?" ಎಂದು ಹುಲಿಗೆಮ್ಮ ಕೇಳಿದಳು.

ಮಹೇಶ್ವರಪ್ಪ ಕುಂಕುಮದ ಕೈ ಒರೆಸಿಕೊಂಡ. "ಗುತ್ತಿಗೆ ನನ್ನ ಹೆಸರಿಗೇ ಆತು ಅಕ್ಕ. ಇವರಿಗೆ ಇಂಥ ದೋಣಿ ರೂಢಿ ಐತೆ. ನಿನ್ನ ನಾನು ಕೈಬಿಡಲ್ಲ. ದಡದಾಗೆ ಜನ ಹತ್ತಿಸೋ ಕೆಲಸ ನಿನಗೇ ಇಟ್ಟೀನಿ."

"ಹರಾಜು ಯಾವಾಗ ಆತು?"

"ಯುಗಾದಿಗೆ ಮೊದಲೇ."

"ಅಂದ್ರೆ ನಾವು ಗುಂಡಿ ತೋಡೋವಾಗ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮನೆ ಮಜ್ಜಿಗೆ ಕುಡದ್ರಿ."

ಅವನು ಲಾರಿ ಹತ್ತಿಸುವ ಗಡಿಬಿಡಿಯಲ್ಲಿ ಅತ್ತ ತಿರುಗಿದ. ಹಿಂದೆ ನಿಂತಿದ್ದ ಮೂಕಪ್ಪ ಅಕ್ಕನ ಮುಖವನ್ನೇ ನೋಡುತ್ತಿದ್ದ.

"ನಿನಗೆ ಯಾವಾಗಿಂದ ಗೊತ್ತಿತ್ತು?" ಎಂದ.

ಮಹೇಶ್ವರಪ್ಪನ ಮಾತಿಗೆ ಹುಲಿಗೆಮ್ಮನಿಗೆ ಸಿಟ್ಟು ಬಂದಿತ್ತು. ತಮ್ಮನ ಈ ಪ್ರಶ್ನೆಗೆ ಸಿಟ್ಟೂ ಬರಲಿಲ್ಲ. ಗೊತ್ತಿರಲಿಲ್ಲ ಎಂದಳು. ಯಾರೂ ನಂಬಲಿಲ್ಲ. ಅವಳೊಬ್ಬಳಿಗೇ ಕೆಲಸ ಇಟ್ಟದ್ದನ್ನು ಎಲ್ಲರೂ ಕೇಳಿಸಿಕೊಂಡಿದ್ದರು. ಆ ಕೆಲಸ ಬೇಡವೆಂದು ಅವಳು ಅಲ್ಲೇ ಹೇಳಿದಳು, ಅದಕ್ಕೂ ಬೆಲೆ ಬರಲಿಲ್ಲ. ಕೇರಿಯ ಅರ್ಧ ಜನ ಹೊನ್ನಾಳಿಗೆ ಕೂಲಿಗೆ ಹೋದರು. ಬಾವಿಕಟ್ಟೆಯಲ್ಲಿ ಅವಳನ್ನು ಕಂಡರೆ ಹೆಂಗಸರು ಕೊಡ ಎತ್ತಿಕೊಂಡು ಹೊರಡುತ್ತಿದ್ದರು. ಕೊನೆಗೆ ಹರಿಗೋಲನ್ನು ಗಾಡಿಗೆ ಹೇರಿಸಿಕೊಂಡು ಸೂಳೆಕೆರೆಗೆ ಹೋಗಿ ಮೀನು ಹಿಡಿಯತೊಡಗಿದಳು.

ಯುದ್ಧದ ಕಾಲದಲ್ಲಿ ಒಂದು ನೆರೆ ಬಂದು ಉಕ್ಕಿನ ಹಗ್ಗ ತುಂಡಾಯಿತು. ಹೊಸದು ಎಲ್ಲಿಯೂ ಸಿಗಲಿಲ್ಲ. ಮಹೇಶ್ವರಪ್ಪ ಸೂಳೆಕೆರೆಯವರೆಗೂ ಹುಡುಕಿಕೊಂಡು ಬಂದ.

"ಅಕ್ಕ, ಮತ್ತೆ ಹರಿಗೋಲು ಬೇಕಾಗೈತೆ. ನೀನು ಕರೆದ್ರೆ ನಿಮ್ಮೋರು ಬರ್ತಾರೆ."

ಅವಳು ಬಲೆಯ ಗಂಟು ಬಿಡಿಸುತ್ತಲೇ ಹೇಳಿದಳು: "ನಾನು ಕರೆದ್ರೆ ಒಬ್ಬರೂ ಬರಾಕಿಲ್ಲ ಸಾವಕಾರ್ರೆ. ನೀವೇ ಕೇಳಿ ನೋಡ್ರಿ."

ಅವನು ಹೋಗಿ ಕೇಳಿದ. ಎಲ್ಲರಿಗಿಂತ ಮೊದಲು ಕೆಲಸಕ್ಕೆ ಹೋದವನು ಮೂಕಪ್ಪ. ಅವನು ಈಗ ಮಹೇಶ್ವರಪ್ಪನ ಅಡಿಕೆ ದಾಟಿಸುತ್ತಾನೆಂದು ಸಂತೆಗೆ ಬಂದ ಕೇರಿಯ ದುರುಗಕ್ಕ ಹುಲಿಗೆಮ್ಮನಿಗೆ ಹೇಳಿದಳು. ಸಾವಕಾರರ ಜೊತೆ ರಾಜಿಯಾದ ತಮ್ಮ ಅಕ್ಕನ ಜೊತೆ ಮಾತ್ರ ಕೊನೆಯವರೆಗೂ ಮಾತಾಡಲಿಲ್ಲ.