ಗಿರಿಜೆಯ ಉಪ್ಪು, ನನ್ನ ಹರಕೆ

ಶರಣ ಬಂಧುಗಳೇ, ಹೋದ ಶ್ರಾವಣದಲ್ಲಿ ನನ್ನ ತಂಗಿ ಗಿರಿಜೆ ಕೈತಪ್ಪಿ ಹೋಗುವುದರಲ್ಲಿದ್ದಳು. ವೀರಭದ್ರ ಅವಳನ್ನು ಹೇಗೆ ಉಳಿಸಿಕೊಟ್ಟ ಅನ್ನುವುದನ್ನು ಶಿಕಾರಿಪುರದ ಈ ಮುದುಕಿ ಬರೆಯಲೇಬೇಕು.

ಅವಳನ್ನು ಕೊಟ್ಟಿದ್ದು ಸೊರಬದ ಕಡೆ, ಉಳವಿಗೆ. ಕಾನ್ವೆಂಟಿನಲ್ಲಿ ರನ್ನಿಂಗ್ ರೇಸಿಗೆ ಪ್ರೈಜ್ ತಂದ ಹುಡುಗಿ, ಒಂದು ವರ್ಷದಿಂದ ಒಣಗಿ ಕಪ್ಪಾಗಿದ್ದಳು. ಎದ್ದರೆ ತಲೆಸುತ್ತು, ಬಿಪಿ ಲೋ. ಟಾನಿಕ್ ಕುಡಿದರೂ ವೀಕ್‌ನೆಸ್ ಹೋಗಲಿಲ್ಲ. ಊಟಕ್ಕೆ ಕೂತರೆ ಮಾತ್ರ ಉಪ್ಪಿನ ಬಟ್ಟಲು ಪಕ್ಕದಲ್ಲೇ ಬೇಕು.

"ಈ ವಯಸ್ಸಲ್ಲಿ ಬಯಕೆ ನೋಡ್ರೀ ಅಕ್ಕಾ!" ಅಂತ ಅವಳ ಗಂಡ ನಗೋರು.

ಕೊನೆಗೆ ಮನೆದೇವರಿಗೆ ಹರಕೆ ಹೊತ್ತಳು: ಆರೋಗ್ಯ ಕೊಡು, ಶ್ರಾವಣ ಮುಗಿಯೋವರೆಗೂ ಉಪ್ಪು ಮುಟ್ಟಲ್ಲ. ಯಾವುದು ಇಷ್ಟವೋ ಅದನ್ನೇ ಬಿಡಬೇಕಲ್ಲ! ನಾನೂ ಇಲ್ಲಿ ದಿನಾ ದೀಪ ಹಚ್ಚಿ, "ಅವಳೊಳಗೆ ಏನು ಅಡಗಿದೆಯೋ ತೋರಿಸಪ್ಪಾ" ಅಂತ ಪ್ರೇಯರ್ ಮಾಡುತ್ತಿದ್ದೆ.

ಎರಡನೇ ಸೋಮವಾರ ಫೋನ್ ಬಂತು. ವಾಂತಿಯಾಗಿ ಪ್ರಜ್ಞೆ ತಪ್ಪಿದ್ದಾಳೆ, ಶಿವಮೊಗ್ಗದ ಆಸ್ಪತ್ರೆಗೆ ತಂದಿದ್ದೇವೆ ಅಂತ. ಬಸ್ಸಿನಲ್ಲಿ ಯಾರೋ ಸೀಟು ಬಿಟ್ಟುಕೊಟ್ಟರೂ ಕೂರಲು ಆಗಲಿಲ್ಲ, ಕಂಬಿ ಹಿಡಿದು ನಿಂತೇ ಹೋದೆ.

ಡಾಕ್ಟರಮ್ಮ ಅವಳ ಅಂಗೈಗೆರೆ ನೋಡಿದರು, ವಸಡು ನೋಡಿದರು. ಎಲ್ಲ ಮಸಿ ಬಳಿದ ಹಾಗೆ.

"ಇವರಿಗೆ ಉಪ್ಪಿನ ಆಸೆ ಜಾಸ್ತೀನಾ?"

ಹೌದು ಅಂದೆ. ಹರಕೆಯ ವಿಷಯ ಹೇಳಿದೆ. ಬ್ಲಡ್ ರಿಪೋರ್ಟ್ ಬಂದಮೇಲೆ ಅವರು ಬಿಡಿಸಿ ಹೇಳಿದರು: "ಕಿಡ್ನಿಯ ತಪ್ಪಿಲ್ಲ ಅಮ್ಮ. ಅದರ ಮೇಲೆ ಟೋಪಿಯ ಹಾಗೆ ಒಂದು ಗ್ರಂಥಿ ಇರುತ್ತೆ, ಅಡ್ರಿನಲ್. ಉಪ್ಪು ಹಿಡ್ಕೋ, ಪೊಟ್ಯಾಷಿಯಂ ಬಿಡು ಅಂತ ಕಿಡ್ನಿಗೆ ಹೇಳೋ ಹಾರ್ಮೋನು ಅಲ್ಲಿಂದ ಬರಬೇಕು. ಇವರಿಗೆ ಅದೇ ಬರ್ತಿಲ್ಲ. ಉಪ್ಪೆಲ್ಲ ಮೂತ್ರದಲ್ಲಿ ಹೋಗ್ತಿತ್ತು, ತಿಂದು ತಿಂದು ಹೇಗೋ ತೂಗಿಸ್ತಿದ್ರು."

ಡ್ರಿಪ್ ಹಾಕಿ, ಆ ಹಾರ್ಮೋನಿನ ಇಂಜೆಕ್ಷನ್ನೂ ಕೊಟ್ಟರು. ಬೆಳಿಗ್ಗೆ ಗಿರಿಜೆ ಕಣ್ಣು ಬಿಟ್ಟಳು.

"ಬಾಟ್ಲಿಯಲ್ಲಿ ಏನಕ್ಕಾ?"

"ಉಪ್ಪುನೀರು ಕಣೇ."

ಸೀದಾ ಸೂಜಿಗೇ ಕೈ ಹಾಕಿದಳು. "ತೆಗೆಸು. ಹರಕೆ ಮುರಿಯುತ್ತೆ."

ನರ್ಸ್ ಗದರಿದರು, ಗಂಡ ಅಂಗಲಾಚಿದರು. ಊಹೂಂ. ನಾನು ಅವಳ ಕೈ ಬಿಗಿಯಾಗಿ ಹಿಡಿದೆ. "ನಿನ್ನ ಉಪ್ಪು ನೀನು ತಿನ್ನು. ಉಳಿದ ಹರಕೆ ನಂದು, ಇವತ್ತಿಂದ."

"ದೇವರು ಒಪ್ಪಬೇಕಲ್ಲ?"

"ಒಪ್ಪದಿದ್ರೆ ನನ್ನ ಹತ್ರ ಬಂದು ಮಾತಾಡ್ಲಿ."

ಒಣಗಿದ ತುಟಿಯಲ್ಲೇ ನಕ್ಕಳು. ಕೈ ಸಡಿಲಾಯಿತು. ನನಗೆ ಬಿಪಿ ಹೈ. ಉಪ್ಪು ಬಿಟ್ಟರೆ ನಿಮಗೆ ಒಳ್ಳೆಯದೇ ಅಂತ ಡಾಕ್ಟರಮ್ಮನೂ ನಕ್ಕರು.

ಈಗ ಅವಳಿಗೆ ದಿನಾ ಮಾತ್ರೆ, ಜೀವ ಇರೋವರೆಗೂ. ಒಂದು ದಿನವೂ ತಪ್ಪಿಸುವಂತಿಲ್ಲ, ತಪ್ಪಿಸಲು ನಾನು ಬಿಡುವುದೂ ಇಲ್ಲ. ನಾವು ವೀಕ್‌ನೆಸ್ ಹೋಗಲಿ ಅಂತ ಬೇಡಿದೆವು. ಅವನು ಕಾಯಿಲೆಯನ್ನೇ ಹಿಡಿದು ತಂದು ಡಾಕ್ಟರ ಮುಂದೆ ನಿಲ್ಲಿಸಿದ.

ಶ್ರಾವಣದ ಕೊನೆಯ ದಿನ ಇಬ್ಬರೂ ಗುಡಿಯ ಮೆಟ್ಟಿಲು ಹತ್ತಿದೆವು. ಗಿರಿಜೆ ನನ್ನ ರಟ್ಟೆ ಹಿಡಿದಿದ್ದಳು. "ಪಾಪ, ಸಪ್ಪೆ ಉಂಡ ಮುದುಕಿ, ಬಿದ್ದುಗಿದ್ದೀಯ" ಅಂತ ನನ್ನನ್ನೇ ಎಳೆದುಕೊಂಡು ಮುಂದೆ ನಡೆದಳು.

ವೀರಭದ್ರಾ, ಆ ಹಿಡಿತಕ್ಕೆ ಶರಣು.