ತೊಂಬತ್ತನೆಯ ಕೈ

ಮಾ ಇನ್-ಹ್ವಾಳನ್ನು ಎಂಜಿನಿಯರುಗಳ ಸಂಘಕ್ಕೆ ಸೇರಿಸಿದವರು ತಾಕ್ ಗ್ವಾಂಗ್-ಸು. ಕಂಪ್ಯೂಟರ್ ಜಾಲಗಳಿಗೆ ಜಗತ್ತೆಲ್ಲ ಒಪ್ಪುವಂಥ ನಿಯಮ ಬರೆಯುವ ಸಮಿತಿಗೆ ಅವಳನ್ನು ಕರೆದೊಯ್ದವರೂ ಅವರೇ. ಮೊದಲ ಸಭೆಯಲ್ಲಿ ಅವಳು ತುಟಿ ಬಿಚ್ಚದೆ ಕುಳಿತಿದ್ದಾಗ, "ಏನಮ್ಮಾ, ಬಾಯಲ್ಲಿ ಅಕ್ಕಿ ಕಡುಬು ಇಟ್ಕೊಂಡು ಬಂದಿದ್ದೀಯಾ? ತಪ್ಪು ಕಂಡ್ರೆ ಹೇಳು. ಇಲ್ಲಿ ಕಂಪನಿಗಳಿಲ್ಲ, ಮನುಷ್ಯರು ಇರೋದು," ಎಂದು ರೇಗಿಸಿದ್ದರು.

ಸಮಿತಿಯ ಕಟ್ಟಳೆಯೂ ಅದೇ. ಮತ ಹಾಕುವವರು ಮನಸ್ಸಾಕ್ಷಿಯಂತೆ ಹಾಕಬೇಕು, ಸಂಬಳ ಕೊಡುವವರ ಮಾತಿನಂತಲ್ಲ.

ತಾಕ್ ಏಳು ವರ್ಷ ಒಂದೇ ನಿಯಮದ ಕರಡನ್ನು ಹಿಡಿದು ಕೂತಿದ್ದರು. ಕಾರ್ಖಾನೆಯಲ್ಲಿ ಒಂದು ತಂತಿ ತುಂಡಾದರೂ 'ನಿಲ್ಲು' ಎಂಬ ಸೂಚನೆ ಇನ್ನೊಂದು ದಾರಿಯಲ್ಲಿ ಯಂತ್ರಕ್ಕೆ ಮುಟ್ಟಲೇಬೇಕು ಎಂಬುದು ಅವರ ಹಟ. ಆ ಸೂಚನೆ ಮುಟ್ಟದ ಒಂದು ಯಂತ್ರ ಅವರ ತಮ್ಮನನ್ನು ಬಲಿ ತೆಗೆದುಕೊಂಡಿತ್ತು. ಸಮಿತಿಯಲ್ಲಿ ಅದನ್ನು ಬಲ್ಲವಳು ಇನ್-ಹ್ವಾ ಒಬ್ಬಳೇ.

ಬುಸಾನ್ ನಗರದಲ್ಲಿ ಅದರ ಮತದಾನ. ಹಿಂದಿನ ದಿನ ಇನ್-ಹ್ವಾಳ ಕಂಪನಿಯ ಮೇಲಧಿಕಾರಿ ಫೋನು ಮಾಡಿದ. "ಆ ಕರಡು ಪಾಸಾದ್ರೆ ಎರಡನೇ ದಾರಿ ಇಲ್ಲದ ನಮ್ಮ ಚಿಪ್‌ಗಳೆಲ್ಲ ಕಸದ ಬುಟ್ಟಿಗೆ. ನೀವು ಬೇಡ ಅನ್ಬೇಕು. ಇಲ್ದಿದ್ರೆ ನಿಮ್ಮ ಕೈಕೆಳಗಿನ ಹನ್ನೊಂದು ಜನಾನೂ ಮನೆಗೆ ಹೋಗ್ತಾರೆ."

ಮತದಾನದ ಬೆಳಗ್ಗೆ ಇನ್-ಹ್ವಾ, ತಾಕ್ ಇಬ್ಬರೂ ಸೋಯಾ ಮೊಳಕೆಯ ಸಾರು, ಅನ್ನ ತೆಗೆದುಕೊಂಡರು.

"ಸರಿಯಾಗಿ ತಿನ್ನು. ಕೈಯೆತ್ತೋಕೆ ಬಲ ಬೇಡ್ವಾ?" ಎಂದರು ತಾಕ್.

ನೂರಿಪ್ಪತ್ತು ಜನರಲ್ಲಿ ತೊಂಬತ್ತು ಮತ ಬೇಕಿತ್ತು. ಪರವಾಗಿ ಎದ್ದ ಕೈಗಳು ಎಂಬತ್ತೊಂಬತ್ತು. 'ವಿರೋಧಿಸುವವರು?' ಎಂದು ಅಧ್ಯಕ್ಷರು ಕೂಗಿದಾಗ ಇನ್-ಹ್ವಾ ತಲೆ ತಗ್ಗಿಸಿ ಕೈಯೆತ್ತಿದಳು. ಮುಂದಿನ ಸಾಲಿನಲ್ಲಿದ್ದ ತಾಕ್ ಹಿಂತಿರುಗಿ ಆ ಕೈಯನ್ನು ನೋಡಿದರು.

ಸಭೆ ಮುಗಿದದ್ದೇ ಅವರ ಹಿಂದೆ ಓಡಿದಳು. "ಸರ್, ನನಗೆ ಬೈದುಬಿಡಿ ಸರ್."

"ಊಟ ಆಯ್ತಾ?" ಎಂದಷ್ಟೇ ಕೇಳಿ ಅವರು ಲಿಫ್ಟಿನೊಳಗೆ ಹೋದರು.

ಮತ್ತೆ ಅವರು ಯಾವ ಸಭೆಗೂ ಬರಲಿಲ್ಲ. ಇನ್-ಹ್ವಾ ಅವರಿಗೆ ಕಾಗದ ಬರೆಯುವಳು, ಹರಿದುಹಾಕುವಳು. ವರ್ಷ ತುಂಬುವುದರೊಳಗೆ ಕಂಪನಿ ಅವಳ ವಿಭಾಗವನ್ನೇ ಮುಚ್ಚಿ ಆ ಹನ್ನೊಂದು ಜನರನ್ನೂ ಮನೆಗೆ ಕಳಿಸಿತು. ಅದರ ಮರುವರ್ಷ ತಾಕ್ ಕ್ಯಾನ್ಸರಿನಿಂದ ತೀರಿಕೊಂಡರು.

ಸಾವಿನ ಮನೆಯಲ್ಲಿ ಅವರ ಹೆಂಡತಿ ಸುಕ್-ಜಾ ಕರಿಯ ಉಡುಪಿನಲ್ಲಿದ್ದರು. ಇನ್-ಹ್ವಾಳನ್ನು ಕಂಡವರೇ ಅವಳ ಎರಡೂ ಕೈ ಹಿಡಿದುಕೊಂಡರು.

"ಬಂದೆಯಾ ತಾಯಿ! ಬುಸಾನಿಂದ ಬಂದ ದಿನ ಇವರು ಏನಂದ್ರು ಗೊತ್ತಾ? 'ಸೋತುಬಿಟ್ಟೆ ಕಣೆ. ಆದ್ರೆ ನಮ್ಮ ಇನ್-ಹ್ವಾ ಮಾತ್ರ ಕೊನೇವರೆಗೂ ನನ್ನ ಕಡೇನೇ ಇದ್ಳು' ಅಂದ್ರು. ಅಷ್ಟಾದ್ರೂ ಇತ್ತಲ್ಲ ಅಂತ ನನಗೆ ಸಮಾಧಾನ."

ಇನ್-ಹ್ವಾ ನಿಜ ಹೇಳಲೆಂದು ಬಾಯಿ ತೆರೆದಳು. ಸುಕ್-ಜಾರ ಮುಖ ನೋಡಿ ಮುಚ್ಚಿದಳು. ಅವರು ಶಪಿಸಿದ್ದರೆ ಹೇಗಾದರೂ ತಡೆದುಕೊಳ್ಳುತ್ತಿದ್ದಳೇನೋ.

ಸಾವಿನ ವಿಧಿಗಳು ನಡೆದ ಮೂರು ದಿನವೂ ಅಲ್ಲೇ ಉಳಿದು, ಬಂದವರ ಬೂಟುಗಳನ್ನು ಬಾಗಿಲಲ್ಲಿ ಜೋಡಿಸಿದಳು. ಇವರ್ಯಾರು ಎಂದು ಯಾರಾದರೂ ಕೇಳಿದರೆ ಸುಕ್-ಜಾ, "ನಮ್ಮ ಮಗಳಿದ್ದ ಹಾಗೆ," ಎನ್ನುತ್ತಿದ್ದರು. ಆಗೆಲ್ಲ ಇನ್-ಹ್ವಾ ಬಗ್ಗಿ ಇನ್ನೊಂದು ಜೋಡಿ ಬೂಟು ಕೈಗೆತ್ತಿಕೊಳ್ಳುತ್ತಿದ್ದಳು.