ಎಡಗಡೆ ನೋಡುವವಳು

ನಮ್ಮ ಬೈಂಡಿಂಗ್ ಕಾರ್ಖಾನೆಯ ಎದುರಿನ ರಸ್ತೆಗೆ ನಾನು ಬೈಯದ ದಿನವಿಲ್ಲ. ಅದನ್ನು ಅಗಲ ಮಾಡಿಸಿದ ಪುಣ್ಯಾತ್ಮರು ಜನ್ಮದಲ್ಲಿ ಒಮ್ಮೆಯೂ ಕಾಲ್ನಡಿಗೆಯಲ್ಲಿ ಹೋದವರಿರಲಾರರು. ಬಸ್ಸು ಆಚೆ ಬದಿಗೆ ಇಳಿಸುತ್ತದೆ, ಕಾರ್ಖಾನೆ ಈಚೆ ಬದಿಗಿದೆ, ನಡುವೆ ಮೊಣಕಾಲೆತ್ತರದ ಕಟ್ಟೆ. ಸಿಗ್ನಲ್ ಇಲ್ಲ. ಬಿಳಿ ಪಟ್ಟೆ ಬಳಿದಿದ್ದರು, ಅದೂ ಸವೆದುಹೋಯಿತು. ಗಾಡಿಗಳು ಒಂದೊಂದು ಬದಿಯಲ್ಲಿ ಒಂದೊಂದು ದಿಕ್ಕಿಗೆ ಹೋಗಬೇಕೆಂದು ಬೋರ್ಡು ನೆಟ್ಟಿದ್ದಾರೆ. ಸ್ಕೂಟರಿನವರಿಗೆ ಓದು ಬರುವುದಿಲ್ಲವೆಂದು ಕಾಣುತ್ತದೆ, ಎತ್ತಲಿಂದ ಬೇಕಾದರೂ ನುಗ್ಗುತ್ತಾರೆ.

ಈ ರಸ್ತೆಯನ್ನು ಬೈಂಡರಣ್ಣ ಮತ್ತು ಅವರ ಹೆಂಡತಿ ಕೆಲಸಕ್ಕೆ ಸೇರಿದಾಗಿನಿಂದ ಜೊತೆಯಾಗಿಯೇ ದಾಟಿದವರು. ಅವರನ್ನು ಅಣ್ಣ ಎಂದು ಕರೆದು ಅಭ್ಯಾಸವಾದ್ದರಿಂದ ಆಕೆ ನನಗೆ ಅತ್ತಿಗೆ. ಅತ್ತಿಗೆ ಅಚ್ಚಾಗಿ ಬಂದ ಹಾಳೆಗಳನ್ನು ಮಡಿಸುತ್ತಿದ್ದರು, ಅಣ್ಣ ಹೊಲಿದು ಅಂಟು ಹಾಕುತ್ತಿದ್ದರು, ನಾನು ಅಂಚು ಕತ್ತರಿಸುವವನು. ಒಂದೇ ಮೇಜಿನ ಆಚೀಚೆ ಇಡೀ ದಿನ ಕೂತರೂ ಗಂಡ ಹೆಂಡತಿಗೆ ಮಾತು ಕಡಿಮೆ. ಮನೆಯಲ್ಲಂತೂ ಕೇಳಲೇಬೇಡಿ. ಅಮ್ಮ, ತಮ್ಮಂದಿರು, ಅವರ ಹೆಂಡಿರು ಮಕ್ಕಳು ಎಲ್ಲರಿಗೂ ಸೇರಿ ಎರಡು ಕೋಣೆ. ಅಲ್ಲಿ ಗಂಡನಾದವನು ಹೆಂಡತಿಯ ಪಕ್ಕ ಸರಿದು ಕೂತರೆ ಇಡೀ ಮನೆಗೆ ಕೆಮ್ಮು ಬರುತ್ತದೆ. ಮಗಳ ಮದುವೆಯಲ್ಲಿ ಫೋಟೊದವನು "ಸ್ವಲ್ಪ ಹತ್ರ ಬನ್ನಿ ಸಾರ್" ಅಂದಾಗ ಅರ್ಧ ಹೆಜ್ಜೆ ದೂರ ಸರಿದ ಮಹಾನುಭಾವ ನಮ್ಮ ಬೈಂಡರಣ್ಣ.

ಆದರೆ ರಸ್ತೆಯಲ್ಲಿ ಮಾತ್ರ ಕೈ ಹಿಡಿಯುತ್ತಿದ್ದರು. ಬಸ್ಸಿಳಿದ ಕೂಡಲೇ ಅತ್ತಿಗೆ ಡಬ್ಬಿಯ ಚೀಲವನ್ನು ಹೆಗಲಿಗೇರಿಸಿ ಗಂಡನ ಎಡಕ್ಕೆ ಬಂದು ನಿಲ್ಲುವರು. ಬಲಗಡೆ ನೋಡುವುದು ಅಣ್ಣನ ಕೆಲಸ, ಎಡಗಡೆ ಅತ್ತಿಗೆಯದು. ಬಾಯಿ ಬಿಡುವಂತಿಲ್ಲ. ಕೈ ಒತ್ತಿದರೆ ನಿಲ್ಲಬೇಕು, ಸಡಿಲ ಮಾಡಿದರೆ ನಡೆಯಬೇಕು. ಈಚೆ ಬದಿ ಮುಟ್ಟಿದ್ದೇ ತಡ ಕೈ ಬಿಟ್ಟು, ಪರಿಚಯವೇ ಇಲ್ಲದವರ ಹಾಗೆ ಅಣ್ಣ ಮುಂದೆ, ಅತ್ತಿಗೆ ಹಿಂದೆ ಗೇಟಿನೊಳಗೆ ಬರುವರು. ನಾನು ಮೇಲಿನ ಕಿಟಕಿಯಿಂದ ನೋಡಿ ಒಳಗೊಳಗೇ ನಗುತ್ತಿದ್ದೆ. ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಮಗಳು ಹಡೆದಳು. ಮಗು ನೋಡಿಕೊಳ್ಳಲು ಅವಳ ಗಂಡನ ಮನೆಯಲ್ಲಿ ಯಾರೂ ಇರಲಿಲ್ಲ, ಅತ್ತಿಗೆ ಹೊರಟರು. ಅವಳ ಊರು ಬಸ್ಸಿನಲ್ಲಿ ಒಂದು ಹಗಲಿನ ದಾರಿ. ಮಗುವಿನ ಕತ್ತು ನಿಲ್ಲುವವರೆಗೆ ಮಾತ್ರ ಎಂದು ಹೋದವರು. ಕತ್ತು ನಿಂತಿತು. ಅಷ್ಟರಲ್ಲಿ ಮಗಳು ಕೆಲಸಕ್ಕೆ ಹೋಗತೊಡಗಿದ್ದಳು, ಅಂಬೆಗಾಲಿಡುವವರೆಗೆ ಎಂದಾಯಿತು.

ಅತ್ತಿಗೆ ಹೋದ ಮರುದಿನವೇ ಬೈಂಡರಣ್ಣ ಸಾಯುವುದರಲ್ಲಿದ್ದರು. ಬಲಗಡೆ ನೋಡಿದರು, ಖಾಲಿ ಇತ್ತು, ಧೈರ್ಯವಾಗಿ ಕಾಲಿಟ್ಟರು. ಎಡಗಡೆಯಿಂದ ತಪ್ಪು ದಿಕ್ಕಿನಲ್ಲಿ ಬಂದ ಸ್ಕೂಟರೊಂದು ಅಂಗಿ ಸವರಿಕೊಂಡು ಹೋಯಿತು. ಅಂದಿನಿಂದ ಅವರು ಬಸ್ಸಿಳಿದ ಜಾಗದಲ್ಲೇ ಕಂಬವಾಗಿ ನಿಲ್ಲತೊಡಗಿದರು. ಗುಂಪು ಸೇರಿದರೆ ದಾಟುವರು, ಇಲ್ಲದಿದ್ದರೆ ಇಲ್ಲ. ಒಂದು ದಿನ ನಾನೇ ಆಚೆ ಹೋಗಿ ಮೊಣಕೈ ಹಿಡಿದೆ. ಕೊಡವಿಕೊಂಡರು. "ನಾನೇನ್ ಕುರುಡನೇನೋ?"

ಅಂಟು ಒಣಗುವ ಹೊತ್ತು ನಮ್ಮಲ್ಲಿ ಮಾತಿನ ಹೊತ್ತು. ಅವತ್ತು ಅವರೇ ಬಾಯಿ ಬಿಟ್ಟರು. "ತಲೆ ಎಡಕ್ಕೆ ತಿರುಗೋದೇ ಇಲ್ಲ ಕಣೋ. ಆ ಕಡೆ ಅವಳಿದಾಳೆ ಅಂತ ಕತ್ತು ನಂಬ್ಕೊಂಡು ಕೂತಿದೆ."

"ಬಂದ್ಬಿಡು ಅಂತ ಹೇಳಿ ಅಣ್ಣಾ."

"ಎಲ್ಲಿಂದ ಹೇಳ್ಲಿ? ಮನೇಲಿ ಫೋನು ಫ್ರಿಜ್ ಮೇಲೆ, ಸ್ಪೀಕರಲ್ಲಿ. ಅಮ್ಮ, ತಮ್ಮನ ಹೆಂಡ್ತಿ, ಮಕ್ಳು, ಎಲ್ರದೂ ಆದ್ಮೇಲೆ ನನ್ ಸರದಿ. ಊಟ ಆಯ್ತಾ ಅಂತಾಳೆ. ಆಯ್ತು ಅಂತೀನಿ. ಎಲ್ರೂ ನನ್ ಬಾಯೇ ನೋಡ್ತಿರ್ತಾರೆ."

"ಇಲ್ಲಿಂದ ಮಾಡಿ."

"ನಿಮ್ಮೆಲ್ರ ಎದುರಿಗಾ? ಚೆನ್ನಾಗ್ ಹೇಳ್ದೆ."

ನನಗೆ ರೇಗಿಹೋಯಿತು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಒಂದು ಮಾತು ಹೇಳಲು ಈ ಮನುಷ್ಯನಿಗೆ ಭೂಮಿಯ ಮೇಲೆ ಜಾಗವಿಲ್ಲವೆಂದರೆ ಏನರ್ಥ?

ಜಾಗ ಸಿಕ್ಕಿತು. ಒಂದು ಬೆಳಗ್ಗೆ ಗುಂಪಿನ ಜೊತೆ ಹೊರಟವರು, ಗುಂಪು ಓಡಿದಾಗ ಹಿಂದುಳಿದು ರಸ್ತೆ ನಡುವಿನ ಕಟ್ಟೆಯ ಮೇಲೆ ಸಿಕ್ಕಿಬಿದ್ದರು. ಎರಡೂ ಬದಿ ಲಾರಿ, ಬಸ್ಸು, ಹಾರ್ನು. ಕಿಟಕಿಯಿಂದ ನೋಡುತ್ತಿದ್ದೆ. ಫೋನು ಬಂತೆಂದು ಕಾಣುತ್ತದೆ, ಜೇಬಿನಿಂದ ತೆಗೆದು ಕಿವಿಗಿಟ್ಟರು. ಆಮೇಲಿನದು ಅವರೇ ಹೇಳಿದ್ದು.

"ಏನ್ರೀ ಅಷ್ಟೊಂದು ಗಲಾಟೆ? ಎಲ್ಲಿದೀರಿ?"

"ರಸ್ತೆ ಮಧ್ಯ."

"ಇಷ್ಟೊತ್ತಿಗೆ ಕೆಲಸದಲ್ಲಿರಬೇಕಿತ್ತಲ್ಲ?"

"ಇರ್ಬೇಕಿತ್ತು."

"ಮಗು ನಡೆಯೋವರ್ಗೂ ಇರಮ್ಮಾ ಅಂತಿದಾಳೆ ಮಗಳು. ಏನ್ ಹೇಳ್ಲಿ? ರಾತ್ರಿ ಮಾಡಿದ್ರೆ ಎಲ್ರೂ ಇರ್ತಾರೆ ಅಂತ ಈಗ ಮಾಡ್ದೆ."

ಮನೆಯಲ್ಲಾಗಿದ್ದರೆ "ಇರು" ಎಂದು ಮುಗಿಸುತ್ತಿದ್ದರು. ಇಲ್ಲಿ ಸುತ್ತಮುತ್ತ ಗಾಡಿಗಳೇ ಹೊರತು ಕೆಮ್ಮುವವರು ಯಾರೂ ಇರಲಿಲ್ಲ. ಬೈಂಡರಣ್ಣ ಹಾರ್ನಿಗಿಂತ ಜೋರಾಗಿ ಕಿರುಚಿದರು. "ನೀನಿಲ್ದೆ ನಂಗಾಗ್ತಿಲ್ಲ ಕಣೇ! ರಸ್ತೆ ದಾಟೋಕಾಗ್ತಿಲ್ಲ. ನಿನ್ ಜಾಗದಲ್ಲಿ ಬೇರೆ ಯಾರೋ ಕೂತು ಹಾಳೆ ಮಡಿಸ್ತಾರೆ, ನೋಡೋಕಾಗ್ತಿಲ್ಲ. ಯಾವ್ದೂ ಆಗ್ತಿಲ್ಲ. ಬಾ!"

ಏನು ತಪ್ಪಾಡಿದೆನೋ ಎಂದು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರಂತೆ.

"ಇಲ್ಲಿ ಮನೆ ಎದುರಿಗೇ ಹಾಲಿನಂಗಡಿ ಇದೆ," ಅಂದರು ಅತ್ತಿಗೆ. "ಬಂದಾಗಿಂದ ಒಂದ್ಸಲಾನೂ ಹೋಗಿಲ್ಲ. ಚೀಲ ಹಿಡ್ಕೊಂಡು ರಸ್ತೆ ಪಕ್ಕ ನಿಲ್ತೀನಿ. ಎಡಗಡೆ ನೋಡ್ತೀನಿ. ಬಲಗಡೆ ನೋಡೋರಿಲ್ಲ. ವಾಪಸ್ ಬಂದ್ಬಿಡ್ತೀನಿ. ಸುಸ್ತಾಗತ್ತೆ, ನೀವೇ ತನ್ನಿ ಅಂತ ಅಳಿಯಂದಿರಿಗೆ ಸುಳ್ಳು ಹೇಳಿದೀನಿ."

ಬೈಂಡರಣ್ಣ ಕಟ್ಟೆಯ ಮೇಲೆ ಕೂತೇಬಿಟ್ಟರು. ನಾನು ಮೇಲಿನಿಂದ ನೋಡಿ, ತಲೆ ಸುತ್ತಿತೇನೋ ಎಂದು ಗಾಬರಿಯಾದೆ.

"ಬಾ ಅಂದ್ರೆ ಹೇಗ್ ಬರ್ಲಿ ಹೇಳಿ?" ಅಂದರು ಅತ್ತಿಗೆ. "ಮಗೂನ ಯಾರ್ ನೋಡ್ಕೋತಾರೆ?"

ಮಗಳದು ತಪ್ಪಲ್ಲ, ಮಗುವಿನದಂತೂ ಅಲ್ಲವೇ ಅಲ್ಲ. ಗಾಡಿಗಳು ಹೋಗುತ್ತಲೇ ಇದ್ದವು.

"ಶನಿವಾರ ರಾತ್ರಿ ಬಸ್ ಹತ್ತಿ ಭಾನುವಾರ ನಾನೇ ಬರ್ತೀನಿ," ಅಂದರು ಬೈಂಡರಣ್ಣ ಕೊನೆಗೆ. "ಹಾಲಿನಂಗಡಿಗೆ ಹೋಗೋಣ."

"ಭಾನುವಾರ ಹಾಲು ಬೆಳಗ್ಗೇನೇ ಅಳಿಯಂದಿರು ತಂದಿಟ್ಟಿರ್ತಾರೆ."

"ತರ್ಲಿ ಬಿಡು. ನಾವು ಸುಮ್ನೆ ದಾಟೋಣ."

ಅತ್ತಿಗೆ ಪಕ್ಕದಲ್ಲಿ ಯಾರೋ ಇರುವ ಹಾಗೆ ದನಿ ತಗ್ಗಿಸಿ, "ವಾಪಸ್ ಬರೋವಾಗ್ಲೂ ದಾಟ್ಬೇಕಾಗತ್ತಲ್ರೀ," ಅಂದರಂತೆ.